ಮುಪ್ಪಿನ ರಕ್ತ: ಎಕ್ಸ್ ವರ್ಣತಂತುವಿನಿಂದ ವೆಕ್ಸಾಸ್‌ವರೆಗೆ

ಒಬ್ಬ ವ್ಯಕ್ತಿಯ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ಡಿಎನ್‌ಎ ಇರುತ್ತದೆ ಎಂದು ತರಗತಿಯಲ್ಲಿ ಕಲಿಸುತ್ತೇವೆ. ಆಗತಾನೆ ಹುಟ್ಟಿದ ಮಗುವಿನ ಮಟ್ಟಿಗೆ ಇದು ಬಹುತೇಕ ನಿಜ. ಎಪ್ಪತ್ತು ದಾಟಿದವರ ರಕ್ತದ ಮಟ್ಟಿಗೆ ಮಾತ್ರ ಈ ಮಾತನ್ನು ತಿದ್ದಿಕೊಳ್ಳಬೇಕು. ಹಾಗೆ ತಿದ್ದಿಕೊಳ್ಳಲು ವಿಜ್ಞಾನಕ್ಕೆ ಅರ್ಧ ಶತಮಾನವೇ ಹಿಡಿಯಿತು.

ಕಥೆ ಆರಂಭವಾಗುವುದು 1961ರಲ್ಲಿ. ಹೆಣ್ಣಿನ ಪ್ರತಿ ಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆಯಷ್ಟೆ. ಅವುಗಳಲ್ಲಿ ಒಂದು ಭ್ರೂಣದ ಹಂತದಲ್ಲೇ ನಿಷ್ಕ್ರಿಯವಾಗುತ್ತದೆ ಎಂದು ಇಂಗ್ಲೆಂಡಿನ ತಳಿವಿಜ್ಞಾನಿ ಮೇರಿ ಲಯನ್ ಇಲಿಗಳ ಅಧ್ಯಯನದಿಂದ ಸೂಚಿಸಿದರು. ಯಾವುದು ನಿಷ್ಕ್ರಿಯವಾಗುತ್ತದೆ ಎಂಬುದು ಆಕಸ್ಮಿಕ. ಆದ್ದರಿಂದ ಕೆಲವು ಕೋಶಗಳಲ್ಲಿ ತಾಯಿಯಿಂದ ಬಂದ ಎಕ್ಸ್, ಉಳಿದವುಗಳಲ್ಲಿ ತಂದೆಯಿಂದ ಬಂದ ಎಕ್ಸ್ ಕೆಲಸಮಾಡುತ್ತದೆ.

ಈ ಮಿಶ್ರಣವೇ ಒಂದು ಅಳತೆಗೋಲಾಯಿತು. 1967ರಲ್ಲಿ ಅಮೆರಿಕದ ಫಿಲಿಪ್ ಫಿಯಾಲ್ಕೋ ಮತ್ತು ಸಂಗಡಿಗರು ಒಂದು ಬಗೆಯ ರಕ್ತಕ್ಯಾನ್ಸರ್ ಇದ್ದ ಮಹಿಳೆಯರನ್ನು ಪರೀಕ್ಷಿಸಿದರು. ಚರ್ಮದಲ್ಲಿ ಎರಡು ಬಗೆಯ ಕೋಶಗಳಿದ್ದರೂ ರಕ್ತಕಣಗಳು ಒಂದೇ ಬಗೆಯವಾಗಿದ್ದವು. ಅಂದರೆ ಅವೆಲ್ಲ ಒಂದೇ ಆಕರಕೋಶದ ಸಂತಾನ!

1990ರ ದಶಕದಲ್ಲಿ ಇನ್ನೊಂದು ಅಚ್ಚರಿ ಎದುರಾಯಿತು. ಕ್ಯಾನ್ಸರ್ ಇಲ್ಲದ ವೃದ್ಧೆಯರ ರಕ್ತದಲ್ಲಿಯೂ ಈ ಮಿಶ್ರಣ ಒಂದು ಕಡೆಗೆ ವಾಲಿರುವುದು ಹೆಚ್ಚಾಗಿ ಕಂಡಿತು. 2012ರಲ್ಲಿ ಕೆನಡಾದ ಲ್ಯಾಂಬರ್ಟ್ ಬುಸ್ಕ್ ಮತ್ತು ಸಂಗಡಿಗರು ಅಂಥ ಕೆಲವರಲ್ಲಿ ಟೆಟ್2 ಎಂಬ ಜೀನಿನ ಉತ್ಪರಿವರ್ತನೆಯನ್ನು ಗುರುತಿಸಿದರು. 2014ರಲ್ಲಿ 17,182 ಜನರ ರಕ್ತದ ಡಿಎನ್‌ಎ ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಇಂಥ ಉತ್ಪರಿವರ್ತನೆಗಳು ನಲವತ್ತರ ಒಳಗಿನವರಲ್ಲಿ ಅಪರೂಪ. ಎಪ್ಪತ್ತರಿಂದ ಎಪ್ಪತ್ತೊಂಬತ್ತರ ವಯಸ್ಸಿನವರಲ್ಲಿ ಶೇಕಡಾ 9.5.

ಇವುಗಳಿಂದ ತೊಂದರೆ ಏನು? ರಕ್ತಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿರೀಕ್ಷಿತವೇ. ಹೃದಯಾಘಾತವೂ ಹೆಚ್ಚೆಂಬುದು ಅನಿರೀಕ್ಷಿತವಾಗಿತ್ತು. ಕಾರಣ 2017ರಲ್ಲಿ ಇಲಿಗಳ ಪ್ರಯೋಗದಿಂದ ಸ್ಪಷ್ಟವಾಯಿತು. ಟೆಟ್2 ಕೆಟ್ಟ ಬಿಳಿ ರಕ್ತಕಣಗಳು ಉರಿಯೂತ ಉಂಟುಮಾಡುವ ಇಂಟರ್‌ಲ್ಯೂಕಿನ್-1ಬೀಟಾವನ್ನು ಅತಿಯಾಗಿ ಸ್ರವಿಸಿ ರಕ್ತನಾಳಗಳಿಗೆ ಹಾನಿಮಾಡುತ್ತವೆ.

ಈ ನಂಟಿಗೆ ಅತ್ಯಂತ ನೇರವಾದ ಪುರಾವೆ ದೊರೆತದ್ದು 2020ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಂಡ 25 ಪುರುಷರಲ್ಲಿ ಒಂದೇ ದೋಷವನ್ನು ಪತ್ತೆಮಾಡಿತು. ಬಿಡದ ಜ್ವರ, ಕಿವಿ ಮೂಗುಗಳ ಮೃದ್ವಸ್ಥಿಯ ಊತ, ಚರ್ಮದ ಗಂಟು, ರಕ್ತಹೀನತೆ ಅವರ ಲಕ್ಷಣಗಳು. ಒಂದೊಂದು ಲಕ್ಷಣಕ್ಕೆ ಒಂದೊಂದು ರೋಗದ ಹೆಸರು ಅಂಟಿತ್ತು. ಶೇಕಡಾ 40ರಷ್ಟು ಮಂದಿ ರೋಗದಿಂದ ತೀರಿಕೊಂಡಿದ್ದರು. ಮೂಲ ಒಂದೇ: ಎಕ್ಸ್ ವರ್ಣತಂತುವಿನ ಯುಬಿಎ1 ಜೀನ್. ಬೇಡವಾದ ಪ್ರೋಟೀನುಗಳಿಗೆ ಗುರುತು ಅಂಟಿಸುವ ಕೆಲಸವನ್ನು ಆರಂಭಿಸುವ ಕಿಣ್ವ ಇದರಿಂದ ತಯಾರಾಗುತ್ತದೆ. ದೋಷ ತಂದೆತಾಯಿಯರಿಂದ ಬಂದದ್ದಲ್ಲ, ಅಸ್ಥಿಮಜ್ಜೆಯ ಆಕರಕೋಶದಲ್ಲಿ ನಡುವಯಸ್ಸಿನ ನಂತರ ಮೂಡಿದ್ದು. ಈ ರೋಗಕ್ಕೆ ವೆಕ್ಸಾಸ್ ಎಂದು ಹೆಸರಾಯಿತು. ಅಸ್ಥಿಮಜ್ಜೆಯ ಕಸಿಯಿಂದ ಕೆಲವರು ಚೇತರಿಸಿಕೊಂಡಿದ್ದಾರೆ.

ಹೆಂಗಸರಲ್ಲಿ ಇದು ಅಪರೂಪ, ಏಕೆ? ನಿಷ್ಕ್ರಿಯವಾದ ಎಕ್ಸ್‌ನಲ್ಲಿಯೂ ಎಚ್ಚರವಾಗಿರುವ ಕೆಲವು ಜೀನುಗಳಲ್ಲಿ ಯುಬಿಎ1 ಒಂದು. ಒಂದು ಪ್ರತಿ ಕೆಟ್ಟರೆ ಇನ್ನೊಂದು ನೆರವಿಗಿದೆ. ಗಂಡಸರಿಗೆ ಇರುವುದು ಒಂದೇ ಎಕ್ಸ್. ಮೇರಿ ಲಯನ್ ತೆರೆದ ಪ್ರಶ್ನೆ ಹೀಗೆ ಮುದುಕರ ಜ್ವರದ ಬುಡವನ್ನು ಮುಟ್ಟಿತು.

ಇನ್ನು ಮುಂದೆ ಪಾಠ ಹೇಳುವಾಗ ಒಂದು ವಾಕ್ಯ ಸೇರಿಸೋಣ: ಡಿಎನ್‌ಎ ಹುಟ್ಟಿನಿಂದ ಬರುತ್ತದೆ, ಆದರೆ ವಯಸ್ಸು ಅದನ್ನು ಅಲ್ಲಲ್ಲಿ ತಿದ್ದುತ್ತಲೇ ಇರುತ್ತದೆ.