ಭಿಡೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ದಿನಬೆಳಗಾದರೆ ಕಿವಿಗೆ ಬೀಳುವ ಮಾತು ಭಿಡೆ. ಉಣ್ಣಲು ಕೂತವರ ತಾಟಿಗೆ ಇನ್ನೊಂದು ಬಿಸಿರೊಟ್ಟಿ ಹಾಕುತ್ತ ‘ಭಿಡೆ ಮಾಡಬ್ಯಾಡ್ರಿ, ಉಣ್ರಿ’ ಅನ್ನುತ್ತಾರೆ. ಸೊಸೆ ದನಿ ತಗ್ಗಿಸಿದರೆ ‘ಮಾವಾರ ಭಿಡೆ ಐತಿ’. ಕೇಳಿದ್ದಕ್ಕೆಲ್ಲ ಹೂಂ ಅನ್ನುವವನು ‘ಭಾಳ ಭಿಡೇದ ಮನಷ್ಯಾ’. ಅವನೇ ಒಂದು ದಿನ ಆಗುವುದಿಲ್ಲ ಅಂದನೋ, ‘ಅವಗ ಯಾರ ಭಿಡೇನೂ ಇಲ್ಲ ಬಿಡು’ ಎಂದು ಕಟ್ಟೆಯ ಮೇಲೆ ತೀರ್ಪು ಆಗಿಬಿಡುತ್ತದೆ.

ಪದ ಬಂದದ್ದು ಮರಾಠಿಯ ‘ಭೀಡ’ದಿಂದ. ನರಗುಂದವನ್ನು ಭಾವೆಯವರು ಆಳಿದರು, ಗಜೇಂದ್ರಗಡ ಘೋರ್ಪಡೆಯವರ ಕೈಯಲ್ಲಿತ್ತು, ಆಮೇಲೆ 1956ರವರೆಗೂ ಈ ಸೀಮೆ ಮುಂಬೈ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಹೀಗಾಗಿ ಮರಾಠಿ ಮಾತು ಅಡುಗೆಮನೆಯವರೆಗೂ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೈಸೂರು ಕಡೆಯವರು ಇದೇ ಜಾಗದಲ್ಲಿ ದಾಕ್ಷಿಣ್ಯ ಅನ್ನುತ್ತಾರೆ, ಸಂಕೋಚ ಅನ್ನುತ್ತಾರೆ. ಆದರೆ ಭಿಡೆಗೆ ಒಂದು ವಿಶೇಷವಿದೆ. ಸಂಕೋಚ ನನ್ನದು, ನನ್ನೊಳಗಿನದು. ಭಿಡೆ ಮಾತ್ರ ಅವರದು: ಮಾವನ ಭಿಡೆ, ಸಾಹೇಬರ ಭಿಡೆ, ಬೀಗರ ಭಿಡೆ. ಎದೆ ಹೊಡೆದುಕೊಳ್ಳುವುದು ನನ್ನದು, ನಿದ್ದೆ ಕೆಡುವುದು ನನ್ನದು. ಮಾತಿನ ಒಡೆತನ ಮಾತ್ರ ಎದುರಿನವರ ಹೆಸರಿಗೆ. ಪಾಪ, ಅವರಿಗೆ ಅದು ಗೊತ್ತೇ ಇರುವುದಿಲ್ಲ.

ಬಾಯಿಮಾತಿನಲ್ಲಿ ಮಹಾಪ್ರಾಣ ಉದುರಿ ಅದು ‘ಬಿಡೆ’ ಆಗುತ್ತದೆ. ಬಿಡೆ ಅಂದರೆ ಹಳೆಯ ಕನ್ನಡದಲ್ಲಿ ಬಿಡಲಾರೆ ಎಂದರ್ಥ. ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಭಿಡೆಗೆ ಬಿದ್ದವರ ಮುಖ ಕಂಡಾಗೆಲ್ಲ ನನಗೆ ಈ ಎರಡನೆಯ ಅರ್ಥವೇ ನೆನಪಾಗುತ್ತದೆ.

ಗಜೇಂದ್ರಗಡದ ಸೀರೆ ಅಂಗಡಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗಾದಿಯ ಮೇಲೆ ಒಂದರ ಮೇಲೊಂದು ಸೀರೆ ಬಿಚ್ಚಿ ಬೀಳುತ್ತವೆ. ಚೌಕಡಿಯ ಪಟ್ಟೇದ ಅಂಚು ಬರುತ್ತದೆ, ಇಳಕಲ್ಲಿನ ಟೋಪು ಸೆರಗು ಬರುತ್ತದೆ, ಜೊತೆಗೆ ಚಹಾನೂ ಬರುತ್ತದೆ. ಕೊಳ್ಳಲು ಬಂದಾಕೆಗೆ ಬಣ್ಣ ಹಿಡಿಸಿಲ್ಲ, ಧಾರಣೆಯೂ ಕೈಗೆ ಎಟುಕುವುದಿಲ್ಲ. ಎದ್ದು ಬರಬೇಕು, ಆಗುತ್ತಿಲ್ಲ. ಅಕ್ಕನ ಕಿವಿಯಲ್ಲಿ ಮೆಲ್ಲಗೆ, ‘ಇಷ್ಟ್ ತೋರ್ಸ್ಯಾರ, ಚಾ ಬ್ಯಾರೆ ಕುಡದೀವಿ, ಭಿಡೇಕ್ಕರ ಒಂದ್ ತಗೊಳ್ಳೂಣು’ ಅನ್ನುತ್ತಾಳೆ. ಆ ಸೀರೆ ಟ್ರಂಕಿನ ತಳ ಸೇರುತ್ತದೆ. ಇದು ಸಣ್ಣ ಭಿಡೆ. ಒಂದು ಸೀರೆಗೆ ಮುಗಿಯುತ್ತದೆ.

ದೊಡ್ಡದು ಜಾಮೀನಿನದು. ಸಂಬಂಧಿಕ ಸಾಲಕ್ಕೆ ಅರ್ಜಿ ಹಾಕಿರುತ್ತಾನೆ. ‘ಬರೇ ಒಂದ್ ಸಹಿ ಮಾಮಾ, ನಿಮಗೇನೂ ತ್ರಾಸಿಲ್ಲ’ ಅನ್ನುತ್ತಾನೆ. ಮಾಮಾ ಕಾಗದ ಓದುವುದಿಲ್ಲ. ಓದಿದರೆ ನಂಬಿಕೆಯಿಲ್ಲ ಎಂದಾದೀತು, ಅದೂ ಭಿಡೆಯೇ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು, ಬೇರೆ ಕರಾರು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ ಎನ್ನುತ್ತದೆ. ಕಂತು ತಪ್ಪಿ ನೋಟೀಸು ಬರುವ ಹೊತ್ತಿಗೆ ಸಹಿ ಮಾಡಿದವರ ನಿದ್ದೆ ಹೋಗಿ ಎಷ್ಟೋ ದಿನವಾಗಿರುತ್ತದೆ. ಸಾಲ ತೆಗೆದುಕೊಂಡವನನ್ನು ಕೇಳಲೂ ಆಗುವುದಿಲ್ಲ, ಮತ್ತೆ ಭಿಡೆ.

ಹಾಗಂತ ಭಿಡೆಯನ್ನು ಬರೀ ರೋಗ ಅನ್ನಲು ನನಗೆ ಮನಸ್ಸಿಲ್ಲ. ಇದೇ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. ಆ ಕಾಲದ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ, ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ನೆರೆಯವನ ಮುಖ ನೋಡಿ ನಡೆಯುವ ಗುಣವಿಲ್ಲದ ಊರಲ್ಲಿ ಅಂಥ ಸಂಘ ನಿಲ್ಲುತ್ತಿರಲಿಲ್ಲ. ಅಲ್ಲಿ ಲೆಕ್ಕದ ಪುಸ್ತಕವಿತ್ತು, ಸಭೆಯಿತ್ತು, ಎಲ್ಲರ ಕಣ್ಣೂ ಇತ್ತು. ಮನೆಯ ಪಡಸಾಲೆಯಲ್ಲಿ ಒಬ್ಬರೇ ಕೂತು ಹಾಕುವ ಸಹಿಗೆ ಇದಾವುದೂ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನೀರಾವರಿಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರ ಕಟ್ಟುವುದಿಲ್ಲ ಎಂದು ಮಲಪ್ರಭಾ ಸೀಮೆಯ ರೈತರು ಸರ್ಕಾರಕ್ಕೇ ಹೇಳಿದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು, ರೈತನ ಜೀವ ಹೋಯಿತು. ಪತ್ರಿಕೆಗಳು ಮೆಚ್ಚುವ ‘ನಿರ್ಭಿಡೆ’ ಅಂದರೆ ಇದು. ಅದೇ ನೆಲದ ಮನುಷ್ಯನಿಗೆ ಮನೆಬಾಗಿಲಿಗೆ ಬಂದ ಷಡ್ಡಕನಿಗೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಕಚೇರಿಗೆ ಮುಖವಿಲ್ಲ, ಷಡ್ಡಕನಿಗೆ ಇದೆ. ಬರುವ ಜಾತ್ರೆಯಲ್ಲಿ ಅದೇ ಮುಖ ಮತ್ತೆ ಎದುರಾಗುತ್ತದೆ. ಇದನ್ನು ಹೇಡಿತನ ಅನ್ನುವವರಿಗೆ ಹಳ್ಳಿಯ ಬಾಳು ಗೊತ್ತಿಲ್ಲ.

ಭಿಡೆ ಒಳಗೇ ಕೂತರೆ ಮೈ ಮಾತಾಡುತ್ತದೆ. ‘ಎದಿ ಢವಢವ ಅಂತೈತ್ರಿ’, ‘ಗ್ಯಾಸ್ ಆಗೇತ್ರಿ’, ‘ಜೀವಕ್ಕ ಸಮಾಧಾನಿಲ್ರಿ’ ಎಂದು ದವಾಖಾನೆಗೆ ಬರುವವರಲ್ಲಿ ಎಷ್ಟೋ ಜನರ ಎದೆಯ ಪರೀಕ್ಷೆಯಲ್ಲಿ ದೋಷ ಕಾಣುವುದಿಲ್ಲ. ಎದೆನೋವನ್ನು ತೋರಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಮುಂದೆ ಮನೋವೈದ್ಯರ ಹತ್ತಿರ ಹೋಗೆಂದರೆ ಹೋಗುವುದಿಲ್ಲ. ಔಷಧ ಅಂಗಡಿಯವ ದೂರದ ಅಳಿಯ, ಹೊರಗೆ ಕೂತವಳು ಓಣಿಯವಳು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಅಂದರೆ 14416, ಇಂಥವರಿಗೆಂದೇ ಮಾಡಿದಂತಿದೆ. ಕಾಸು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಕಡೆಯವರು ನಮ್ಮ ಬೀಗರಲ್ಲ. ಅಪರಿಚಿತರ ಮುಂದೆ ಭಿಡೆ ತಾನೇ ಸಡಿಲುತ್ತದೆ.

ಪೇಟೆಯ ಪುಸ್ತಕಗಳು ‘ನೋ ಹೇಳಲು ಕಲಿಯಿರಿ’ ಎಂದು ಬೋಧಿಸುತ್ತವೆ. ನಮಗೆ ಅದನ್ನು ಹೊರಗಿನಿಂದ ತರುವ ಅಗತ್ಯವಿಲ್ಲ, ‘ಒಲ್ಲೆ’ ಇದೆ. ಮೈಸೂರಿನವರ ‘ಬೇಡ’ ವಸ್ತುವಿನ ಬಗ್ಗೆ ಹೇಳುತ್ತದೆ, ಯಾರಿಗೆ ಬೇಡ ಎಂಬುದನ್ನು ಬೇರೆ ಹೇಳಬೇಕು. ಒಲ್ಲೆಯೊಳಗೆ ‘ನಾನು’ ಸೇರಿಕೊಂಡೇ ಇದ್ದೇನೆ. ಇಲ್ಲಿಯ ಕೂಸುಗಳು ‘ನಾ ಒಲ್ಲೆ’ ಎಂದು ಗಟ್ಟಿಯಾಗಿಯೇ ಒದರುತ್ತವೆ. ದೊಡ್ಡವರಾದಂತೆ ಆ ಮಾತು ರೊಟ್ಟಿಯ ತಾಟಿಗಷ್ಟೇ ಉಳಿಯುತ್ತದೆ. ಅದನ್ನು ತಾಟಿನಿಂದಾಚೆ ತಂದವರನ್ನು ನಾನು ಕಂಡಿದ್ದೇನೆ. ರೋಣದ ಒಬ್ಬ ಶಿಕ್ಷಕಿಯನ್ನು ಓಣಿಯ ಹಿರಿಯಳು ಚೀಟಿಗೆ ಸೇರೆಂದು ಮೇಲಿಂದ ಮೇಲೆ ಕಾಡುತ್ತಿದ್ದಳು. ಶಿಕ್ಷಕಿ ನೆಪ ಹೇಳಲಿಲ್ಲ, ಪಗಾರ ಬಂದಿಲ್ಲ ಅನ್ನಲಿಲ್ಲ. ‘ಅಕ್ಕಾರ, ಬ್ಯಾರೆ ಏನರ ಕೆಲಸ ಇದ್ರ ಹೇಳ್ರಿ, ಬರ್ತೀನಿ. ಚೀಟಿ ಅಷ್ಟು ನಾ ಒಲ್ಲೆರಿ’ ಅಂದಳು. ಹಿರಿಯಳು ಎರಡು ವಾರ ಮಾತು ಬಿಟ್ಟಳು. ಆಮೇಲೆ ಮೊಮ್ಮಗನ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಳು, ಅವನಿಗೆ ಭಾಗಾಕಾರ ಬರುತ್ತಿರಲಿಲ್ಲ.