ಹಾರ್ಮೋನಿಯಂ ಶ್ರುತಿಗೂಡಿಕೆ: ತಿದಿಯಿಂದ ಮೋಟಾರಿನವರೆಗೆ

ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯಾಂ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ಗಾಳಿಯೂಡುವ ವಾದ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಗಿ ರೂಪಿಸಿದರು. ಕನ್ನಡ ವೃತ್ತಿರಂಗಭೂಮಿಯಲ್ಲಿ ಕಾಲ್ಪೆಟ್ಟಿಗೆಯೂ ಭಜನಾಮೇಳಗಳಲ್ಲಿ ಕೈಪೆಟ್ಟಿಗೆಯೂ ನೆಲೆಗೊಂಡವು. ಪೇಟಿ ಮಾಸ್ತರರ ಬಗೆಗೆ ಅಲ್ಪಸ್ವಲ್ಪವಾದರೂ ಬರಹವಿದೆ. ಪೆಟ್ಟಿಗೆಗೆ ಶ್ರುತಿಗೂಡಿಸಿದವರ ಕುಶಲತೆ ಮಾತ್ರ ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ.

ಹಿತ್ತಾಳೆಯ ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಇಷ್ಟು ಎಲ್ಲರೂ ಬಲ್ಲರು. ಕೆರೆದ ರೀಡನ್ನು ಯಾವ ಗಾಳಿಯಲ್ಲಿ ನುಡಿಸಿ ನೋಡಬೇಕೆಂಬುದೇ ತೊಡಕಿನ ಪ್ರಶ್ನೆ. ಏಕೆಂದರೆ ಒತ್ತಡ ಹೆಚ್ಚಿದಂತೆ ರೀಡಿನ ಸ್ವರ ಸಾಮಾನ್ಯವಾಗಿ ತುಸು ಇಳಿಯುತ್ತದೆ. ಮಂದ್ರದ ದೊಡ್ಡ ರೀಡುಗಳಲ್ಲಿ ಇದು ಕಿವಿಗೇ ತಿಳಿಯುವಷ್ಟಿರುತ್ತದೆ. ಬಾಯಿಂದ ಊದಿ ನೋಡುವುದು ಸುಲಭವಾದರೂ ಉಸಿರಿನ ತೇವ ಲೋಹಕ್ಕೆ ಹಗೆ. ಒತ್ತಡವೂ ಗಳಿಗೆಗೊಂದು ಬಗೆ.

ಮನೆಯಲ್ಲಿ ಈ ಕೆಲಸಕ್ಕಿಳಿಯುವವರಿಗೆ ಭಾರ ಹೇರಿದ ತಿದಿಯೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ಕಮ್ಮಾರನ ಕುಲುಮೆಯಲ್ಲಿ ಕೆಂಡವನ್ನು ಉರಿಸುವ ತಿದಿಯ ಬಂಧುವೇ ಇದು. ಆದರೆ ಕುಲುಮೆಗೆ ರಭಸ ಬೇಕು, ರೀಡಿಗೆ ಸಮತೆ ಬೇಕು. ಸ್ಪ್ರಿಂಗಿನ ತಿದಿ ಕುಗ್ಗಿದಂತೆ ಒತ್ತಡವೂ ಕುಗ್ಗುತ್ತದೆ. ಭಾರದ ತಿದಿಯಲ್ಲಿ ಅದು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಲೆಕ್ಕ ಸರಳ: 30 ಸೆಂಟಿಮೀಟರ್ ಚೌಕದ ಹಲಗೆಯ ಮೇಲೆ, ಹಲಗೆಯ ತೂಕವೂ ಸೇರಿ, 4.5 ಕಿಲೋ ಭಾರವಿದ್ದರೆ ದೊರೆಯುವುದು 5 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ. ನೀರು ತುಂಬಿದ ಬಾಗಿದ ಪಾರದರ್ಶಕ ಕೊಳವೆಯೊಂದರಿಂದ ಇದನ್ನು ಅಳೆದುಕೊಳ್ಳಬಹುದು. ಆ ಅಳತೆಯು ವಾದಕನು ನುಡಿಸುವಾಗ ಪೆಟ್ಟಿಗೆಯೊಳಗಿರುವ ಒತ್ತಡಕ್ಕೆ ಸಮನಾಗಿರಬೇಕು.

ಧೂಳು ಹೀರುವ ಯಂತ್ರದ ಮೋಟಾರನ್ನು ಬಳಸುವವರೂ ಇದ್ದಾರೆ. ಅದರ ಬಲ ರೀಡಿಗೆ ಅತಿಯಾದುದು. ಕೊಳವೆಗೆ ಪಕ್ಕದಲ್ಲೊಂದು ರಂಧ್ರ ಕೊರೆದು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡದಿದ್ದರೆ ಕೆಲಸ ಕೆಡುತ್ತದೆ. ಸದ್ದಂತೂ ಎರಡು ರೀಡುಗಳ ನಡುವಣ ಮಿಡಿತವನ್ನೇ ನುಂಗಿಬಿಡುತ್ತದೆ. ಯಂತ್ರವನ್ನು ಬೇರೆ ಕೋಣೆಯಲ್ಲಿಟ್ಟು ಉದ್ದನೆಯ ಕೊಳವೆಯಿಂದ ಗಾಳಿಯನ್ನು ತಿದಿಗೆ ತುಂಬಿ, ತಿದಿಯಿಂದಲೇ ರೀಡಿಗೆ ಕೊಡುವುದು ಒಪ್ಪಬಹುದಾದ ಮಾರ್ಗ.

ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಸ್ವರಗಳು ಸ್ಥಿರ, ಮೀಂಡಿಗೆ ಎಡೆಯಿಲ್ಲ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪಗಳಲ್ಲೊಂದು. ಮೀಂಡಿನ ಮಾತು ನಿಜ. ಸ್ಥಿರತೆಯ ಮಾತು ಅಷ್ಟು ನಿಜವಲ್ಲ: ತಿದಿಯೊತ್ತುವ ಕೈ ಬಿಗಿಯಾದರೆ ಅದೇ ಷಡ್ಜ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಆದುದರಿಂದ ಹಳೆಯ ಕಾಲ್ಪೆಟ್ಟಿಗೆಯೊಂದರ ಶ್ರುತಿಯನ್ನು ದಾಖಲಿಸುವ ಸಂಶೋಧಕರು ಸ್ವರದೊಂದಿಗೆ ಗಾಳಿಯ ಒತ್ತಡವನ್ನೂ ಬರೆದಿಡತಕ್ಕದ್ದು. ರೀಡುಗಳನ್ನು ಕೆರೆಯುವುದಕ್ಕೆ ಮೊದಲೇ.