ಹೊಟ್ಟೆಯ ಮೇಲಿನ ಹೊಡೆತ

ಬೆನ್ನಿನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತಿನ ಅರ್ಥವನ್ನು ಮುಂಬಯಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳು ನಾವು. ಆ ದಿನಗಳಲ್ಲಿ ಕೆಲಸ ಹೋದರೆ ಊಟ ಮಾತ್ರವಲ್ಲ, ಮಲಗುವ ಜಾಗವೂ ಹೋಗುತ್ತಿತ್ತು. ಆದುದರಿಂದ, ಕೆಲಸದಲ್ಲಿ ಯಾವ ತಪ್ಪನ್ನೂ ಮಾಡದೆ ಕೆಲಸ ಕಳೆದುಕೊಂಡವರ ಚರಿತ್ರೆಯೊಂದನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನಿರೂಪಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ. ತಮ್ಮದೇ ಲಿಂಗದವರಲ್ಲಿ ಒಲವುಳ್ಳ, ಎಂದರೆ ಸಲಿಂಗಪ್ರೇಮಿಗಳಾದ, ಸ್ತ್ರೀಪುರುಷರ ಚರಿತ್ರೆ ಇದು. ಮನೆಯಲ್ಲಿ ಮಾತನಾಡಲು ಸಂಕೋಚಪಡುವ ವಿಷಯವೆಂಬುದು ನಿಜ. ಆದರೆ ಅನ್ನದ ಪ್ರಶ್ನೆ ಬಂದಾಗ ಸಂಕೋಚವನ್ನು ಬದಿಗಿಡಬೇಕಾಗುತ್ತದೆ.

ಅಮೆರಿಕದಿಂದ ಆರಂಭಿಸೋಣ; ಏಕೆಂದರೆ ಅಲ್ಲಿ ಸರ್ಕಾರವೇ ಲಿಖಿತ ಆಜ್ಞೆಯ ಮೂಲಕ ಈ ಹೊಡೆತವನ್ನು ಕೊಟ್ಟಿತು. 1953ರ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಐಸೆನ್‌ಹೋವರ್ 10450ನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿದರು. ನೌಕರನ ಲೈಂಗಿಕ ನಡತೆಯೂ ದೇಶದ ಭದ್ರತೆಯ ಪ್ರಶ್ನೆಯಾಯಿತು. ಇಂಥವರ ಗುಟ್ಟನ್ನು ಹಿಡಿದು ಶತ್ರುಗಳು ಬೆದರಿಸಿಯಾರು ಎಂಬುದು ಅಂದಿನವರ ವಾದ. ಆದರೆ ಗುಟ್ಟು ಬಯಲಾದರೆ ಕೆಲಸ ಹೋಗುವುದೆಂಬ ಭಯವನ್ನು ಹುಟ್ಟಿಸಿದ್ದು ಯಾರು? ಆ ಸರ್ಕಾರವೇ ಅಲ್ಲವೇ?

ಈ ಆಜ್ಞೆಯ ಕಾಲದಲ್ಲಿ ನೌಕರಿ ಕಳೆದುಕೊಂಡವರಲ್ಲಿ ಫ್ರಾಂಕ್ ಕ್ಯಾಮೆನಿ ಒಬ್ಬರು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ರಣಾಂಗಣದಲ್ಲಿ ಹೋರಾಡಿ, 1956ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1957ರಲ್ಲಿ ಸೈನ್ಯದ ಭೂಪಟ ಇಲಾಖೆಯಲ್ಲಿ ನೌಕರಿಗೆ ಸೇರಿದರು. ಆ ವರ್ಷ ಮುಗಿಯುವುದರೊಳಗೆ ವಜಾ ಆದರು. ಇನ್ನಾವ ಕೇಂದ್ರ ಸರ್ಕಾರದ ನೌಕರಿಯೂ ಸಿಗದಂತೆ ಬಾಗಿಲು ಮುಚ್ಚಿತು. ಕೆಲವು ತಿಂಗಳು ದಿನಕ್ಕೆ 20 ಸೆಂಟುಗಳ ಆಹಾರದಲ್ಲಿ ಜೀವ ಹಿಡಿದುದಾಗಿ ಅವರೇ ಮುಂದೆ ಹೇಳಿದ್ದುಂಟು. ನಕ್ಷತ್ರಗಳನ್ನು ಎಣಿಸಬಲ್ಲ ಪಂಡಿತನು ಚಿಲ್ಲರೆ ಎಣಿಸಬೇಕಾಯಿತು!

ಅವರು ಸುಮ್ಮನಿರಲಿಲ್ಲ. ವಕೀಲರು ಕೈಬಿಟ್ಟಾಗ ಸರ್ವೋಚ್ಚ ನ್ಯಾಯಾಲಯಕ್ಕೆ ತಮ್ಮ ಅರ್ಜಿಯನ್ನು ತಾವೇ ಬರೆದರು. 1961ರಲ್ಲಿ ನ್ಯಾಯಾಲಯ ಅದನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. 1965ರಲ್ಲಿ ಕೋಟು, ಟೈ ತೊಟ್ಟು, ಕೈಯಲ್ಲಿ ಫಲಕ ಹಿಡಿದು, ಕೆಲವೇ ಸಂಗಡಿಗರೊಂದಿಗೆ ಶ್ವೇತಭವನದ ಮುಂದೆ ನಿಂತರು. ಕೆಲಸ ಕೇಳುವವರು ಕೆಲಸಗಾರರಂತೆಯೇ ಕಾಣಬೇಕೆಂಬುದು ಅವರ ಹಟ.

1969ರಲ್ಲಿ ಕ್ಲಿಫರ್ಡ್ ನಾರ್ಟನ್ ಎಂಬ ಮತ್ತೊಬ್ಬ ವಜಾ ಆದ ಸರ್ಕಾರಿ ನೌಕರರ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಮುಖ್ಯವಾದ ಮಾತೊಂದನ್ನು ಹೇಳಿತು: ನೌಕರನ ಖಾಸಗಿ ನಡತೆಯಿಂದ ಕಚೇರಿಯ ಕೆಲಸ ಕೆಡುತ್ತದೆಯೆಂದು ಸರ್ಕಾರ ತೋರಿಸಬೇಕು, ಬರಿಯ ಅಸಹ್ಯ ಸಾಲದು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಈ ತತ್ತ್ವ ಹೊಸತಲ್ಲ. ಸಂಜೆಗೆ ಜಮಾ ಖರ್ಚು ತಾಳೆಯಾಯಿತೇ ಎಂದು ಕೇಳುವ ಹಕ್ಕು ಮೇಲಧಿಕಾರಿಗೆ ಉಂಟು. ಮನೆಯಲ್ಲಿ ಯಾರೊಡನೆ ಬಾಳುವೆ ಎಂಬುದು ಆ ಲೆಕ್ಕದ ಪುಸ್ತಕದಲ್ಲಿ ಬರುವ ಬಾಬತ್ತಲ್ಲ.

1975ರಲ್ಲಿ ಅಮೆರಿಕದ ನಾಗರಿಕ ಸೇವಾ ಆಯೋಗ ತನ್ನ ನಿಯಮವನ್ನು ತಿದ್ದಿತು. 2009ರಲ್ಲಿ ಸರ್ಕಾರ ಕ್ಯಾಮೆನಿಯವರ ಕ್ಷಮೆ ಕೇಳಿತು. ವಜಾ ಆಗಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಖಾಸಗಿ ಕಂಪನಿಗಳ ನೌಕರರು ಮಾತ್ರ 2020ರ ವರೆಗೆ ಕಾಯಬೇಕಾಯಿತು. ಆ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯ ಬಾಸ್ಟಾಕ್ ಮೊಕದ್ದಮೆಯಲ್ಲಿ ಆರು ಮೂರರ ಬಹುಮತದಿಂದ ತೀರ್ಪಿತ್ತಿತು. ಅದರ ತರ್ಕ ಸರಳ: ಪುರುಷನನ್ನು ಪ್ರೀತಿಸುವ ಹೆಣ್ಣಿಗೆ ಕೆಲಸ ಉಳಿದು, ಪುರುಷನನ್ನು ಪ್ರೀತಿಸುವ ಗಂಡಿಗೆ ಕೆಲಸ ಹೋದರೆ, ಅದು ಲಿಂಗಭೇದವೇ, ಅದನ್ನು 1964ರ ನಾಗರಿಕ ಹಕ್ಕುಗಳ ಕಾಯಿದೆ ನಿಷೇಧಿಸಿದೆ.

ದೂರದ ಮಾತಾಯಿತು, ನಮ್ಮ ದೇಶಕ್ಕೆ ಬರೋಣ. ರಾಮಚಂದ್ರ ಸಿರಾಸ್ ಅವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿಯ ಪ್ರಾಧ್ಯಾಪಕರು, ಕವಿಗಳು. ತಾಯ್ನುಡಿಯನ್ನು ಹೊರನಾಡಿನಲ್ಲಿ ಕಲಿಸುತ್ತಿದ್ದ ಅವರು ನಮ್ಮಂತೆಯೇ ಹೊರನಾಡಿಗರು. 2010ರ ಫೆಬ್ರವರಿಯಲ್ಲಿ ಕೆಲವರು ಅವರ ಮನೆಗೆ ನುಗ್ಗಿ ಚಿತ್ರೀಕರಿಸಿದರು. ಅಮಾನತಾದವರು ಮನೆಗೆ ನುಗ್ಗಿದವರಲ್ಲ, ಸಿರಾಸ್! ಏಪ್ರಿಲ್ 1ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಆ ಅಮಾನತಿಗೆ ತಡೆ ಕೊಟ್ಟಿತು. ವಾರ ತುಂಬುವುದರಲ್ಲಿ ಅವರು ಬಾಡಿಗೆಯ ಮನೆಯಲ್ಲಿ ಶವವಾಗಿ ಕಂಡುಬಂದರು. ನ್ಯಾಯ ಬಂದಿತು, ಅದನ್ನು ಪಡೆಯಬೇಕಾದವರು ಉಳಿಯಲಿಲ್ಲ.

ಮುಂದಿನ ಹೆಜ್ಜೆಯಲ್ಲಿ ಕನ್ನಡನಾಡಿನ ಹೆಸರೊಂದು ಉಂಟೆಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ವಿರುದ್ಧ ಸಲ್ಲಿಸಿದ್ದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಲೈಂಗಿಕ ಒಲವೂ ಆ ಖಾಸಗಿತನಕ್ಕೆ ಸೇರಿದುದೆಂದು ಆ ತೀರ್ಪು ಹೇಳಿತು. ಆ ತಳಹದಿಯ ಮೇಲೆಯೇ 2018ರ ಸೆಪ್ಟೆಂಬರ್ 6ರಂದು, 1860ರ ದಂಡಸಂಹಿತೆಯ 377ನೆಯ ಕಲಮು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ತೀರ್ಪಾಯಿತು.

ಅಪರಾಧವೆಂಬ ಕಳಂಕವೇನೋ ಹೋಯಿತು. ಆದರೆ ನೌಕರಿಯ ರಕ್ಷಣೆ ಪೂರ್ತಿಯಾಯಿತೇ? ಸಂವಿಧಾನದ ಸಮಾನತೆಯ ವಿಧಿಗಳು ಕಟ್ಟುವುದು ಮುಖ್ಯವಾಗಿ ಸರ್ಕಾರದ ಕೈಯನ್ನು. ಲೈಂಗಿಕ ಒಲವಿನ ಕಾರಣದಿಂದ ಕೆಲಸದಿಂದ ತೆಗೆಯಕೂಡದೆಂದು ಖಾಸಗಿ ಮಾಲೀಕರಿಗೆ ನೇರವಾಗಿ ವಿಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು ಮಾಡಿಲ್ಲ. ಕಾಯಿದೆ ಬರುವವರೆಗೆ ಆ ರಕ್ಷಣೆ ಪಕ್ಕದ ಮೇಜಿನವರ ಕೈಯಲ್ಲಿದೆ, ಎಂದರೆ ನಮ್ಮ ನಿಮ್ಮ ಕೈಯಲ್ಲಿ. ಪರಊರಿನಲ್ಲಿ ಅನ್ನ ಹುಡುಕಿ ಬಂದವರು ನಾವು. ಮತ್ತೊಬ್ಬರ ಹೊಟ್ಟೆಯ ಮೇಲೆ ಹೊಡೆತ ಬಿದ್ದಾಗ ನೋಡಿಯೂ ನೋಡದಂತೆ ಇರುವುದು ನಮಗೆ ಒಪ್ಪುವುದಿಲ್ಲ.